ದಾರಿಯಲ್ಲಿ ಬಿದ್ದ ಚೀಲ

2020ರ ಮಳೆಗಾಲದ ಮಾತು. ಅರಕಲಗೂಡಿನ ಬಳಿ ನಮ್ಮ ಹಳ್ಳಿಯ ಮನೆಯಲ್ಲಿ ತಮ್ಮನ ಮಗಳು ಪರೀಕ್ಷೆಗೆ ಕುಳಿತಿದ್ದಳು. ಹತ್ತು ಗಂಟೆಗೆ ಪ್ರಶ್ನೆಪತ್ರಿಕೆ ಮೊಬೈಲಿಗೆ ಬರಬೇಕು. ಅಟ್ಟದ ಕಿಟಕಿಯಾಚೆ ಕೈ ಚಾಚಿದರೆ ಮಾತ್ರ ಸಿಗ್ನಲ್. ಮುಕ್ಕಾಲು ಪಾಲು ಬರುವುದು, ನಿಲ್ಲುವುದು. "ಎಲ್ಲರೂ ಒಟ್ಟಿಗೆ ತೆಗೀತಿದಾರೆ ದೊಡ್ಡಪ್ಪ, ಅದಕ್ಕೇ" ಎಂದಳು. ನಾನೂ ಹಾಗೆಯೇ ಬಗೆದೆ. ಕಳುಹಿಸುವ ಯಂತ್ರವೂ ಎಷ್ಟೋ ಸಲ ಹೀಗೆಯೇ ತಪ್ಪು ಬಗೆಯುತ್ತದೆಂಬುದು ಆಮೇಲೆ ಓದಿ ತಿಳಿಯಿತು. ಹಳೆಗನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆನ್ನಬೇಡಿ. ನಿವೃತ್ತನಿಗೆ ವೇಳೆ ಧಾರಾಳ.

ಜಾಲದಲ್ಲಿ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ತಲುಪಿದುದಕ್ಕೆ ರಸೀದಿ ಬರಬೇಕು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ನಾನೂರೇ ಗಜ ಅಂತರದ ಎರಡು ಸಂಸ್ಥೆಗಳ ನಡುವೆ ದಟ್ಟಣೆ ಹೆಚ್ಚಿ, ಸೆಕೆಂಡಿಗೆ 32 ಸಾವಿರ ಬಿಟ್ ಇದ್ದ ವೇಗ 40 ಬಿಟ್‌ಗೆ ಕುಸಿಯಿತು. ವ್ಯಾನ್ ಜೇಕಬ್‌ಸನ್ 1988ರಲ್ಲಿ ಮದ್ದನ್ನು ಪ್ರಕಟಿಸಿದರು: ಪೊಟ್ಟಣ ಕಳೆದರೆ ದಾರಿ ತುಂಬಿದೆಯೆಂದು ತಿಳಿ, ವೇಗ ತಗ್ಗಿಸು, ಮೆಲ್ಲಗೆ ಏರಿಸು. ತಂತಿಯ ಜಾಲಕ್ಕೆ ಅದು ಸಂಜೀವಿನಿಯೇ ಸರಿ.

ಗಾಳಿಯ ದಾರಿಯ ಗುಣ ಬೇರೆ. ಚನ್ನರಾಯಪಟ್ಟಣದ ವರ್ತಕ ಅರಕಲಗೂಡಿಗೆ ತೆಂಗಿನಕಾಯಿ ಕಳುಹಿಸುತ್ತಾನೆ ಎನ್ನಿ. ಹೊಳೆನರಸೀಪುರದವರೆಗೆ ಒಳ್ಳೆಯ ರಸ್ತೆ, ಅಲ್ಲಿಂದಾಚೆ ಬರೀ ಹಳ್ಳಕೊಳ್ಳ ಎಂದೂ ಇಟ್ಟುಕೊಳ್ಳಿ. ಆ ಕಡೆಯವರು ಮುನಿಯಬಾರದು. ಲಾರಿ ಕುಲುಕಿ ಒಂದು ಚೀಲ ಬಿದ್ದುಹೋಯಿತು. ಅರಕಲಗೂಡಿನ ಪೇಟೆಯೇ ತುಂಬಿತೆಂದು ವರ್ತಕ ಮರುದಿನ ಅರ್ಧ ಲೋಡು ಕಳುಹಿಸಿದರೆ, ಪೇಟೆಯವರು ಖಾಲಿ ಕೈಯಲ್ಲಿ ಕೂರಬೇಕು! ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಕಾಯುತ್ತಿರುವಂಥ ಭೂಸ್ಥಿರ ಉಪಗ್ರಹಗಳ ದಾರಿಯಲ್ಲಂತೂ, 36 ಸಾವಿರ ಕಿಲೋಮೀಟರ್ ಎತ್ತರವನ್ನು ಹತ್ತಿಳಿದು ರಸೀದಿ ಮರಳಲು ಸುಮಾರು ಅರ್ಧ ಸೆಕೆಂಡು ಬೇಕು. ತಗ್ಗಿದ ವೇಗ ಮತ್ತೆ ಏರುವುದೂ ಅಷ್ಟೇ ನಿಧಾನ.

1995ರಲ್ಲಿ ಅದೇ ಬರ್ಕ್ಲಿಯಲ್ಲಿ ಹರಿ ಬಾಲಕೃಷ್ಣನ್, ಶ್ರೀನಿವಾಸನ್ ಶೇಷನ್ ಮೊದಲಾದವರು 'ಸ್ನೂಪ್' ಎಂಬ ಉಪಾಯ ಹೂಡಿದರು. ಹೊಳೆನರಸೀಪುರದಲ್ಲೇ ಒಬ್ಬನು ಪ್ರತಿ ಚೀಲಕ್ಕೂ ಬದಲಿ ಚೀಲ ಇಟ್ಟುಕೊಂಡು, ಬಿದ್ದುದರ ಬದಲು ತಾನೇ ಕಳುಹಿಸಿ, ವರ್ತಕನ ಕಿವಿಗೆ ಸುದ್ದಿ ಬೀಳದಂತೆ ನೋಡಿಕೊಂಡ ಹಾಗೆ. ಇಂದಿನ ಮೊಬೈಲ್ ಗೋಪುರಗಳೂ ಕಳೆದುದನ್ನು ತಾವೇ ಮರಳಿ ಕಳುಹಿಸುತ್ತವೆ; ಆದರೆ ಸಿಗ್ನಲ್ ತೀರ ಕ್ಷೀಣಿಸಿದಲ್ಲಿ ಅವುಗಳ ಕೈಯೂ ಸಾಲದು.

ಇನ್ನೊಂದು ತೊಡಕು, ಫೋನು ಜಾಲ ಬದಲಿಸಿದಾಗ ವಿಳಾಸವೂ ಬದಲಾಗಿ ಸಂಪರ್ಕ ಕಡಿಯುವುದು. 2021ರಲ್ಲಿ ಮಾನಕವಾದ 'ಕ್ವಿಕ್' ಕ್ರಮದಲ್ಲಿ ಸಂಪರ್ಕಕ್ಕೇ ಒಂದು ಗುರುತುಸಂಖ್ಯೆ ಉಂಟು. ವಿಳಾಸ ಬದಲಾದರೂ ಮಾತು ಮುಂದುವರಿಯಬಹುದು.

ಅಂದು ಹುಡುಗಿ ಫೋನು ಹಿಡಿದು ಮಳೆಯಲ್ಲೇ ಕೆರೆ ಏರಿಗೆ ಓಡಿದಳು. ಪತ್ರಿಕೆ ಕೈಸೇರಿದಾಗ ಹತ್ತು ಇಪ್ಪತ್ತು. ಆ ಇಪ್ಪತ್ತು ನಿಮಿಷವನ್ನು ಪರೀಕ್ಷೆಯವರು ಅವಳಿಗೆ ಮರಳಿ ಕೊಡಲಿಲ್ಲ.