ಶಿಲುಬೆಯ ಬುಡದಲ್ಲಿ ನಿಲ್ಲುವವರು

(ಶತಮಾನೋತ್ಸವದ ಅಂಗವಾಗಿ ಆಚರಿಸಲಾದ ವ್ಯಾಧಿಸ್ಥರ ದಿನದಂದು ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ನೂರು ವರ್ಷಗಳ ದೇವಕೃಪೆಯನ್ನು ಸ್ಮರಿಸುವ ಈ ಸಂಭ್ರಮದಲ್ಲಿ ಮರಣದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ದೇವಾಲಯವು ದೀಪಗಳಿಂದ ಬೆಳಗುತ್ತಿರುವ ಈ ದಿನಗಳಲ್ಲಿಯೂ ನಮ್ಮ ಕೆಲವು ಮನೆಗಳಲ್ಲಿ ಒಂದು ಮಂಚದ ಬಳಿ ರಾತ್ರಿಯೆಲ್ಲ ದೀಪ ಉರಿಯುತ್ತಿದೆ. ಕ್ಯಾನ್ಸರ್ ವಾಸಿಯಾಗುವ ಹಂತವನ್ನು ದಾಟಿದೆ, ಮನೆಗೆ ಕರೆದೊಯ್ಯಿರಿ ಎಂದು ವೈದ್ಯರು ತಿಳಿಸಿದ ಬಳಿಕ ದಾರಿ ತೋಚದೆ ಕುಳಿತ ಕುಟುಂಬಗಳಿಗಾಗಿ ಈ ನಾಲ್ಕು ಮಾತು.

"ಇನ್ನು ಮಾಡುವುದೇನೂ ಇಲ್ಲ" ಎಂಬುದು ಸತ್ಯವಲ್ಲ. ರೋಗವನ್ನು ಗುಣಪಡಿಸಲಾಗದಿದ್ದರೂ ರೋಗಿಯ ಸಂಕಟವನ್ನು ಕಡಿಮೆ ಮಾಡಬಹುದು. 1967ರಲ್ಲಿ ಲಂಡನ್ನಿನಲ್ಲಿ ಸಂತ ಕ್ರಿಸ್ಟೋಫರರ ಹೆಸರಿನ ಆಶ್ರಯಧಾಮವನ್ನು ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್, ಸಾಯುತ್ತಿರುವವರ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದೂ ಹೌದು ಎಂದು ಜಗತ್ತಿಗೆ ತಿಳಿಸಿದರು. ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ, 1999ರಲ್ಲಿ ಬೆಂಗಳೂರಿನ ಕರುಣಾಶ್ರಯ ಇದೇ ಸೇವೆಗಾಗಿ ಬಾಗಿಲು ತೆರೆದವು.

ಮೊದಲನೆಯದಾಗಿ ದೇಹದ ನೋವು. ನೋವನ್ನು ಪ್ರಭುವಿಗೆ ಒಪ್ಪಿಸಬೇಕು, ಮದ್ದು ಕೊಟ್ಟು ಅದನ್ನು ತಗ್ಗಿಸುವುದು ಶಿಲುಬೆಯನ್ನು ನಿರಾಕರಿಸಿದಂತೆ ಎಂದು ನಮ್ಮಲ್ಲಿ ಕೆಲವರು ಭಾವಿಸುತ್ತಾರೆ. ಇದು ಧರ್ಮಸಭೆಯ ಬೋಧನೆಯಲ್ಲ. ತಮ್ಮ ಯಾತನೆಯನ್ನು ಸ್ವಇಚ್ಛೆಯಿಂದ ಕ್ರಿಸ್ತರ ಯಾತನೆಯೊಡನೆ ಕೂಡಿಸುವುದು ಮಹತ್ತಾದ ಪುಣ್ಯ; ಆದರೆ ಅದು ರೋಗಿಯು ತಾನೇ ಆರಿಸಿಕೊಳ್ಳಬೇಕಾದ ದಾರಿ, ಪಕ್ಕದಲ್ಲಿ ಕುಳಿತ ನಾವು ಅವನ ಮೇಲೆ ಹೇರುವ ಹೊರೆಯಲ್ಲ. ತಮ್ಮ ಬಳಿಗೆ ಬಂದ ಒಬ್ಬ ರೋಗಿಗೂ ನೋವು ಒಳ್ಳೆಯದು, ತಾಳಿಕೋ ಎಂದು ಹೇಳಿ ಪ್ರಭು ಕಳುಹಿಸಲಿಲ್ಲ. ನೋವು ತಗ್ಗಿಸುವುದೇ ಉದ್ದೇಶವಾಗಿದ್ದಲ್ಲಿ, ಆಯುಸ್ಸು ತುಸು ಕಡಿಮೆಯಾಗಬಹುದಾದ ಸಂದರ್ಭದಲ್ಲಿಯೂ ಅಂತಹ ಔಷಧ ನ್ಯಾಯಸಮ್ಮತವೆಂದು ಜಗದ್ಗುರು ಹನ್ನೆರಡನೆಯ ಪಯಸ್‌ರವರು 1957ರಲ್ಲಿಯೇ ವೈದ್ಯರಿಗೆ ತಿಳಿಸಿದ್ದರು. ಪ್ರಾಣ ತೆಗೆಯುವ ಉದ್ದೇಶದಿಂದ ಕೊಡುವುದು ಬೇರೆ. ಅದು ಎಂದಿಗೂ ಸಲ್ಲದು.

ಮಾರ್ಫಿನ್ ಎಂದೊಡನೆ ಅನೇಕರು ಬೆದರುತ್ತಾರೆ. ತಜ್ಞ ವೈದ್ಯರು ಗೊತ್ತುಪಡಿಸಿದ ಪ್ರಮಾಣದಲ್ಲಿ, ಗೊತ್ತಾದ ವೇಳೆಗೆ ತಪ್ಪದೆ ಕೊಟ್ಟರೆ ಅದು ಚಟವನ್ನೂ ತರುವುದಿಲ್ಲ, ಮರಣವನ್ನೂ ತರುವುದಿಲ್ಲ. ನೋವು ಅಸಹನೀಯವಾಗುವ ತನಕ ಕಾಯಬಾರದು. ಮಲಬದ್ಧತೆ ಖಂಡಿತ ಬರುವುದರಿಂದ ಅದರ ಮದ್ದನ್ನೂ ಜೊತೆಗೇ ಕೇಳಿ ಪಡೆಯಬೇಕು. ಈ ಔಷಧವು ರೋಗಿಗಳಿಗೆ ಸುಲಭವಾಗಿ ದೊರೆಯಲೆಂದು ಸಂಸತ್ತು 2014ರಲ್ಲಿ ಕಾನೂನನ್ನು ತಿದ್ದಿದೆ.

ಆರೈಕೆಯ ಉಳಿದ ಕೆಲಸಗಳು ಸಣ್ಣವು, ಆದರೆ ಅವುಗಳ ಬೆಲೆ ದೊಡ್ಡದು. ಹಾಸಿಗೆ ಹುಣ್ಣಾಗದಂತೆ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಾಯಿಯನ್ನು ಶುಚಿಯಾಗಿಡಬೇಕು. ಹಸಿವಿಲ್ಲದವರಿಗೆ ಬಲವಂತವಾಗಿ ಗಂಜಿ ತುಂಬಬಾರದು; ಕೇಳಿದಾಗ ಕೇಳಿದಷ್ಟು ಕೊಡಬೇಕು. ಅಂತಿಮ ದಿನಗಳಲ್ಲಿ ದೇಹವೇ ಆಹಾರವನ್ನು ಒಲ್ಲೆನ್ನುತ್ತದೆ. ಆಗ ಒದ್ದೆ ಬಟ್ಟೆಯಿಂದ ತುಟಿಯನ್ನು ತೇವಗೊಳಿಸುವುದೇ ಊಟ ಬಡಿಸಿದಂತೆ. ಕ್ಯಾನ್ಸರ್ ಅಂಟುರೋಗವಲ್ಲ. ತಟ್ಟೆ ಲೋಟಗಳನ್ನು ಬೇರೆಯಿಟ್ಟು, ಮೊಮ್ಮಕ್ಕಳನ್ನು ದೂರವಿಟ್ಟು ರೋಗಿಯನ್ನು ಬದುಕಿರುವಾಗಲೇ ಮನೆಯಿಂದ ಹೊರಹಾಕಬೇಡಿ.

ಇನ್ನು ಸತ್ಯದ ಮಾತು. ಮನೆಯವರೆಲ್ಲ ಸೇರಿ ರೋಗವನ್ನು ಮುಚ್ಚಿಡುತ್ತಾರೆ. ರೋಗಿಯೋ ನಿಮ್ಮ ಮುಖ ನೋಡಿಯೇ ಎಲ್ಲವನ್ನೂ ಅರಿತಿರುತ್ತಾನೆ. ಅವನು ನಿಮಗಾಗಿ ನಗುತ್ತಾನೆ, ನೀವು ಅವನಿಗಾಗಿ ನಗುತ್ತೀರಿ, ಇಬ್ಬರೂ ಒಂಟಿಯಾಗುತ್ತೀರಿ. ಕೇಳದೆ ಹೇಳಬೇಕಾಗಿಲ್ಲ, ಕೇಳಿದಾಗ ಸುಳ್ಳು ಹೇಳಬೇಡಿ. ಮುನಿಸಿಕೊಂಡ ತಮ್ಮನನ್ನು ಕರೆಸಲು, ಸಾಲ ಆಸ್ತಿಗಳ ವಿಷಯ ಇತ್ಯರ್ಥಪಡಿಸಲು, ಪಾಪನಿವೇದನೆ ಮಾಡಿ ಮನಸ್ಸು ಹಗುರ ಮಾಡಿಕೊಳ್ಳಲು ಅವನಿಗೆ ಸಮಯ ಬೇಕು. ಆ ಸಮಯವನ್ನು ಅವನಿಂದ ಕಸಿದುಕೊಳ್ಳುವ ಹಕ್ಕು ನಮಗಿಲ್ಲ.

ಇದೇ ಕಾರಣಕ್ಕೆ ಗುರುಗಳನ್ನು ಬೇಗನೆ ಕರೆಯಿರಿ. ಪ್ರಜ್ಞೆ ತಪ್ಪಿದ ಮೇಲೆ, ಮಧ್ಯರಾತ್ರಿಯಲ್ಲಿ ಗುರುನಿವಾಸದ ಬಾಗಿಲು ತಟ್ಟುವ ವಾಡಿಕೆ ಇನ್ನೂ ಹೋಗಿಲ್ಲ. ವ್ಯಾಧಿಸ್ಥರ ಅಭ್ಯಂಗವು ಸಾವಿನ ಕರೆಗಂಟೆಯಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ಆಶಯದಂತೆ 1972ರಲ್ಲಿ ಆರನೆಯ ಪೌಲರು ನವೀಕರಿಸಿದ ಈ ಸಂಸ್ಕಾರವು ರೋಗಿಗೆ ಬಲವನ್ನೂ ಸಾಂತ್ವನವನ್ನೂ ನೀಡುವಂಥದು. ಅದೇ ರೋಗ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದು. ಪರಮಪ್ರಸಾದವನ್ನು ಅರಿವಿನಿಂದ ಸ್ವೀಕರಿಸುವ ಭಾಗ್ಯ ಅವರಿಗಿರಲಿ.

ಕೊನೆಯದಾಗಿ, ಆರೈಕೆ ಮಾಡುವವರ ವಿಷಯ. ಬಹುಪಾಲು ಮನೆಗಳಲ್ಲಿ ಈ ಹೊರೆ ಒಬ್ಬ ಹೆಂಗಸಿನದು: ಹೆಂಡತಿಯದು, ಮಗಳದು, ಸೊಸೆಯದು. ತಿಂಗಳುಗಟ್ಟಲೆ ನಿದ್ದೆಗೆಟ್ಟ ಆಕೆ ಒಮ್ಮೆ ಸಿಡುಕಿದರೆ, ಬೇಗ ಮುಗಿಯಬಾರದೇ ಎಂದು ಒಮ್ಮೆ ಅನ್ನಿಸಿದರೆ, ಅದು ದಣಿವೇ ಹೊರತು ಪ್ರೀತಿಯ ಕೊರತೆಯಲ್ಲ. ಆಕೆಗೆ ಉಪದೇಶಕ್ಕಿಂತ ಮೊದಲು ವಿಶ್ರಾಂತಿ ಬೇಕು.

ತಪಸ್ಸುಕಾಲದ ಪ್ರತಿ ಶುಕ್ರವಾರ ನಾವು ಶಿಲುಬೆಯ ಹಾದಿಯನ್ನು ಧ್ಯಾನಿಸುತ್ತೇವೆ. ಐದನೆಯ ಸ್ಥಳದಲ್ಲಿ ಸಿರೇನಿನ ಸಿಮೋನನು ಪ್ರಭುವಿನ ಮರಣವನ್ನು ತಪ್ಪಿಸಲಿಲ್ಲ; ಶಿಲುಬೆಗೆ ಹೆಗಲು ಕೊಟ್ಟನು. ಕಲ್ವಾರಿಯಲ್ಲಿ ದೇವಮಾತೆಯೂ ಮೊಳೆಗಳನ್ನು ಕೀಳಲಾರದೆ ಹೋದರು. ಆದರೆ ಅಲ್ಲಿಂದ ಕದಲಲಿಲ್ಲ. ನಮ್ಮಿಂದ ಕೇಳಲ್ಪಡುವುದೂ ಇಷ್ಟೇ.

ಆದುದರಿಂದ ನನ್ನ ವಿನಂತಿ: ನಮ್ಮ ಪ್ರತಿಯೊಂದು ವಾರ್ಡಿನಿಂದ ಇಬ್ಬರು ಮೂವರು ಮುಂದೆ ಬಂದು, ಇಂತಹ ಮನೆಗಳಲ್ಲಿ ವಾರಕ್ಕೆ ಎರಡು ಗಂಟೆ ರೋಗಿಯ ಬಳಿ ಕುಳಿತು, ಮನೆಯಾಕೆಯನ್ನು ನಿದ್ದೆಗೆ ಕಳುಹಿಸಲಿ. ಬಲಿಪೂಜೆಯ ಬಳಿಕ ಗುರುನಿವಾಸದಲ್ಲಿ ಹೆಸರು ಕೊಡಬಹುದು. ನೂರನೆಯ ವರ್ಷದಲ್ಲಿ ನಾವು ಕಟ್ಟಬಹುದಾದ ಮತ್ತೊಂದು ದೇವಾಲಯ ಇದೇ ಆಗಲಿ.

ವ್ಯಾಧಿಸ್ಥರ ಆರೋಗ್ಯವಾದ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.