ಬಾಡಿಗೆ ಖೋಲಿಯ ಗಡಿಯಾರ



ಒಂದು ಕಾಲದಲ್ಲಿ ನಮ್ಮ ಮುಂಬಯಿಯಲ್ಲಿ "ಗಂಟೆ ಎಷ್ಟಾಯಿತು?" ಎಂದರೆ "ಯಾವ ಗಂಟೆ?" ಎಂದು ಮರುಪ್ರಶ್ನೆ ಹಾಕಬೇಕಿತ್ತು. ಭಾರತೀಯ ಪ್ರಮಾಣ ಸಮಯ 1906ರಲ್ಲೇ ಜಾರಿಗೆ ಬಂದರೂ ಈ ನಗರ ತನ್ನ 'ಬಾಂಬೆ ಟೈಮ್' ಅನ್ನು 1955ರವರೆಗೆ ಬಿಡಲಿಲ್ಲ. ಎರಡರ ನಡುವೆ 39 ನಿಮಿಷಗಳ ಅಂತರ. ರೈಲು ತಪ್ಪಲು ಅಷ್ಟು ಧಾರಾಳವಾಗಿ ಸಾಕು!

ಈಗ ಆ ತಂಟೆ ಕಂಪ್ಯೂಟರಿನೊಳಗೆ ಹೊಕ್ಕಿದೆ. ಒಂದೇ ದೊಡ್ಡ ಯಂತ್ರವನ್ನು ಚಾಳಿನಂತೆ ಖೋಲಿ ಖೋಲಿಯಾಗಿ ಹಂಚುತ್ತಾರೆ. ಒಂದೊಂದು ಖೋಲಿಯೂ ಒಂದು 'ವರ್ಚುವಲ್ ಮಶೀನ್'. ಒಳಗಿನವನಿಗೆ ಇಡೀ ಯಂತ್ರ ತನ್ನದೇ ಎಂಬ ಭ್ರಮೆ. ನಡುನಡುವೆ ಮಾಲೀಕ ಅವನನ್ನು ನಿಲ್ಲಿಸಿ ಪಕ್ಕದವನಿಗೆ ಸರದಿ ಕೊಡುತ್ತಾನೆ. ಇವನಿಗೆ ಅದು ತಿಳಿಯುವುದೇ ಇಲ್ಲ. ಟಿಕ್ ಟಿಕ್ ಎಣಿಸಿ ಹೊತ್ತು ಹೇಳುತ್ತಿದ್ದ ಹಳೆಯ ಕರ್ನಲ್‌ಗಳು, ಬೋರಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿ ತೂಕಡಿಸುತ್ತ ಸ್ಟೇಷನ್ ಎಣಿಸಿದವನಂತೆ, ಹಿಂದೆ ಬೀಳುತ್ತಿದ್ದವು. ನಿಮ್ಮ ಖಾತೆಯ ಪಾಸ್‌ವರ್ಡ್ ಬದಲಾದದ್ದು ಮೊದಲೋ, ಹಣ ಹೋದದ್ದು ಮೊದಲೋ? ಎರಡು ಯಂತ್ರಗಳ ಗಡಿಯಾರ ಬೇರೆಯಾದರೆ ಉತ್ತರವೇ ತಲೆಕೆಳಗು. 2022ರಲ್ಲಿ ಸರ್ಕಾರದ ಸರ್ಟ್-ಇನ್ ಸಂಸ್ಥೆ ಎಲ್ಲರ ಗಡಿಯಾರವೂ ರಾಷ್ಟ್ರೀಯ ಸಮಯಕ್ಕೆ ಹೊಂದಿರಬೇಕೆಂದು ಆದೇಶಿಸಿದ್ದು ಸುಮ್ಮನಲ್ಲ.

ಲಿನಕ್ಸ್‌ನ ಕೆವಿಎಂ ಇದಕ್ಕೊಂದು ದಾರಿ ಕಂಡುಕೊಂಡಿತು. "ಪ್ರೊಸೆಸರಿನ ಎಣಿಕೆ ಇಷ್ಟಿದ್ದಾಗ ಸಮಯ ಇಷ್ಟು" ಎಂದು ಮಾಲೀಕನೇ ಒಂದು ಪುಟದಲ್ಲಿ ಬರೆದಿಡುತ್ತಾನೆ. ಖೋಲಿಯವನು ಈಗಿನ ಎಣಿಕೆ ನೋಡಿ ಉಳಿದದ್ದನ್ನು ಕೂಡಿಸಿಕೊಳ್ಳುತ್ತಾನೆ. ಆದರೆ ಅರ್ಧ ಬರೆದಾಗಲೇ ಓದಿಬಿಟ್ಟರೆ?

ಮಾಟುಂಗಾದ ಒಂದು ಉಡುಪಿ ಹೋಟೆಲಿನ ಕರಿಹಲಗೆಯನ್ನು ಊಹಿಸಿಕೊಳ್ಳಿ. ಹುಡುಗ ತಿಂಡಿಯ ಹೆಸರು ಬದಲಿಸಿದ್ದಾನೆ, ದರ ಇನ್ನೂ ಹಳೆಯದೇ. ಗಲ್ಲಾದ ಬಳಿ ಜಗಳ ಖಂಡಿತ! ಅದಕ್ಕೆ ಹಲಗೆಯ ಮೂಲೆಯಲ್ಲೊಂದು ಸಂಖ್ಯೆ. ಬರೆಯಲು ಶುರುಮಾಡುವಾಗ ಅದನ್ನು ಬೆಸ ಮಾಡುತ್ತಾನೆ, ಮುಗಿಸಿದಾಗ ಸಮ. ನೀವು ಮೊದಲು ಸಂಖ್ಯೆ ನೋಡಿ, ತಿಂಡಿ ಮತ್ತು ದರ ಓದಿ, ಮತ್ತೆ ಸಂಖ್ಯೆ ನೋಡಬೇಕು. ಬೆಸವಾಗಿದ್ದರೆ ಅಥವಾ ಬದಲಾಗಿದ್ದರೆ ಮೊದಲಿನಿಂದ ಓದಬೇಕು. ಕೆವಿಎಂ ಮಾಡುವುದು ಇದನ್ನೇ.

ಇಷ್ಟಾದರೂ ಸಾಲದು. ಪ್ರೊಸೆಸರ್ ನಮ್ಮ ಅಡುಗೆ ಭಟ್ಟರ ಜಾತಿಯದು. ದೋಸೆ ಬೇಯುವಷ್ಟರಲ್ಲಿ ಹಿಂದಿನ ಟೇಬಲಿನ ಚಹಾ ಕಳಿಸಿಬಿಡುತ್ತದೆ. ಹಾಗೆಯೇ ಸಂಖ್ಯೆ ನೋಡುವ ಮೊದಲೇ ದರ ಓದಿಬಿಡಬಹುದು. ಪರೀಕ್ಷೆ ಇದ್ದೂ ಇಲ್ಲದಂತೆ! ಆದ್ದರಿಂದ ನಡುವೆ 'ಬ್ಯಾರಿಯರ್' ಎಂಬ ತಡೆ ಹಾಕುತ್ತಾರೆ: ಇದು ಮುಗಿಯದೆ ಮುಂದಿನದಕ್ಕೆ ಕೈ ಹಾಕಬೇಡ ಎಂಬ ಅಪ್ಪಣೆ. ಅದನ್ನು ಮರೆತರೆ ತಪ್ಪು ಲಕ್ಷಕ್ಕೊಮ್ಮೆ ಇಣುಕುತ್ತದೆ, ಹುಡುಕಲು ಹೋದಾಗ ಮಾಯ. ಸಮಯ ಒಂದು ಕೂದಲೆಳೆ ಹಿಂದೆ ಸರಿದರೂ, ಕಳೆದು ನೋಡಿದ ಪ್ರೋಗ್ರಾಮಿಗೆ ಋಣಸಂಖ್ಯೆ ಸಿಗುತ್ತದೆ. ಋಣಸಂಖ್ಯೆ ಅರಿಯದ ಪ್ರೋಗ್ರಾಮು ಅದನ್ನು ಬೃಹತ್ ಸಂಖ್ಯೆಯೆಂದು ಓದಿ, ಕಾಯುವ ಅವಧಿ ಎಂದೋ ಮುಗಿಯಿತೆಂದುಕೊಳ್ಳುತ್ತದೆ.

ಪ್ರೊಸೆಸರಿಂದ ಪ್ರೊಸೆಸರಿಗೆ ಎಣಿಕೆಯೇ ಬೇರೆಯಾದರೆ ಬ್ಯಾರಿಯರೂ ನಿರುಪಾಯ. 2010ರಲ್ಲಿ ಲಿನಕ್ಸ್‌ನವರು ಕೊನೆಯದಾಗಿ ಹೇಳಿದ ಸಮಯವನ್ನು ಒಂದೆಡೆ ಬರೆದಿಟ್ಟು, ಅದಕ್ಕಿಂತ ಹಿಂದಿನದನ್ನು ಯಾರಿಗೂ ಹೇಳದಂತೆ ಮಾಡಿದರು. ಮದ್ದು ಹೌದು, ದುಬಾರಿಯದು. ಎಲ್ಲ ಪ್ರೊಸೆಸರುಗಳೂ ಆ ಒಂದೇ ಸಂಖ್ಯೆಗೆ ಚಾಳಿನ ನಲ್ಲಿಯ ಮುಂದಿನಂತೆ ಸಾಲುಗಟ್ಟಬೇಕು. ಎಣಿಕೆ ಎಲ್ಲೆಡೆ ಒಂದೇ ಎಂದು ಮಾಲೀಕ ಖಾತ್ರಿ ಕೊಟ್ಟ ಕಡೆ ಈಗ ಆ ಸಾಲನ್ನು ಬಿಟ್ಟುಬಿಡುತ್ತಾರೆ.