ಹೆಚ್ಚಿನ ಅಕ್ಕಿ ಮತ್ತು ಕಾಲೇಜಿನ ಫೀ

(ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ, 2021)



ದಾಸೋಹದ ಬಗ್ಗೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಇದು ಕಲಬುರಗಿ ಶರಣಬಸವೇಶ್ವರರ ನಾಡು. ಅನ್ನದಾಸೋಹವನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ನಾನು ಕಾಲೇಜಿನ ಫೀ ಬಗ್ಗೆ ಮಾತನಾಡುತ್ತೇನೆ. ಅದೂ ದಾಸೋಹದ ಮಾತೇ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಆ ತಿಂಗಳ ಕೊನೆಗೆ ಎಲ್ಲವೂ ಬಂದಾಯಿತು. ಶಹಾಬಾದ್, ಚಿತ್ತಾಪುರದ ಕಡೆ ಕಲ್ಲಿನ ಗಣಿ ನಿಂತಿತು. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳನ್ನು ನಂಬಿದ ದಿನಗೂಲಿ ನಿಂತಿತು. ದುಡಿಯಲು ಮುಂಬೈ, ಹೈದರಾಬಾದಿಗೆ ಹೋದ ಚಿಂಚೋಳಿಯವರು ಬರಿಗೈಲಿ ಮರಳಿದರು. ಅದೇ ವರ್ಷದ ಮಳೆಗೆ ಹೊಲದಲ್ಲಿ ತೊಗರಿ ಕೊಳೆಯಿತು.

ಫೀ ಮಾತ್ರ ನಿಲ್ಲಲಿಲ್ಲ. ಪಾಠ ಮೊಬೈಲಿಗೆ ಬಂತು, ಮೊಬೈಲ್ ಮನೆಗೊಂದೇ. ನಗರದಲ್ಲಿ ಬೀಗ ಹಾಕಿದ ರೂಮಿಗೂ ಬಾಡಿಗೆ. ಇಂಥ ಹೊತ್ತಿನಲ್ಲಿ ಮೊದಲು ನಿಲ್ಲುವುದು ಮಗಳ ಓದು.

ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆ ಗೊತ್ತು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಲೆ ಹೊತ್ತಿಸಲಿಲ್ಲ. ಹೆಚ್ಚಿನದನ್ನು ತಂದಲ್ಲೇ ಸುರಿದು ಬನ್ನಿ ಎಂದಳು. ಬಸವಣ್ಣನವರ ಹೆಸರು ಹೊತ್ತ ನಮ್ಮ ವಿದ್ಯಾಸಂಸ್ಥೆಗಳಿಗೆ ನಾನು ಕೇಳುವುದು ಇಷ್ಟೇ: ಬಾಗಿಲು ತೆರೆಯದ ಲೈಬ್ರರಿಗೆ, ಮುಟ್ಟದ ಲ್ಯಾಬಿಗೆ, ಉಣ್ಣದ ಹಾಸ್ಟೆಲ್ ಊಟಕ್ಕೆ ತೆಗೆದುಕೊಂಡ ಹಣ ಯಾವ ಅಕ್ಕಿ?

ಶಿಕ್ಷಕರಿಗೆ ಸಂಬಳ ಕೊಡಬೇಡವೇ ಎನ್ನುವಿರಿ. ಕೊಡಲೇಬೇಕು, ಅವರದೂ ಕಾಯಕ. ಆದರೆ ಉಳಿದದ್ದನ್ನು ಲೆಕ್ಕ ಹಾಕಿ. ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಕಳೆದ ಮೇ 3ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದು, ಶಾಲೆ ಮುಚ್ಚಿದ್ದರಿಂದ ಉಳಿದ ಖರ್ಚಿಗಾಗಿ ಶೇ 15ರಷ್ಟು ಫೀ ಇಳಿಸಲು ಹೇಳಿತು. ಅದು ಶಾಲೆಗಳ ತೀರ್ಪು, ನಿಜ. ಲಕ್ಕಮ್ಮನ ತೀರ್ಪು ಎಲ್ಲರಿಗೂ ಅನ್ವಯಿಸುತ್ತದೆ.

ಸರ್ಕಾರ ಈಗ ರೈತರ ಮಕ್ಕಳಿಗೆ ವಿದ್ಯಾನಿಧಿ ಕೊಡುತ್ತಿದೆ: ಕೋರ್ಸಿಗೆ ತಕ್ಕಂತೆ ವರ್ಷಕ್ಕೆ 2,500ರಿಂದ 11,000 ರೂಪಾಯಿ. ಅರ್ಹರು ಬಿಡಬೇಡಿ. ಈ ವರ್ಷ ಅಕ್ಟೋಬರ್ 31ರೊಳಗೆ ಪ್ರವೇಶ ರದ್ದು ಮಾಡಿದರೆ ಪೂರ್ತಿ ಫೀ ಮರಳಿಸಬೇಕೆಂದು ಯುಜಿಸಿ ಹೇಳಿದೆ, ಇದೂ ತಿಳಿದಿರಲಿ. ಆದರೆ ಹೊಲವೇ ಇಲ್ಲದ ಗಣಿ ಕೂಲಿಯ ಮಗಳಿಗೆ ರೈತರ ನಿಧಿ ಸಿಗದು. ಅಲ್ಲಿ ನಾವು ನಿಲ್ಲಬೇಕು.

ಮೂರು ಮಾತು ಹೇಳಿ ಮುಗಿಸುತ್ತೇನೆ. ಒಂದು, ಫೀ ಬಾಕಿ ಎಂದು ನಮ್ಮ ಯಾವ ಸಂಸ್ಥೆಯೂ ಹಾಲ್ ಟಿಕೆಟ್ ತಡೆಯಬಾರದು. ಎರಡು, ಈ ಐದೂ ಊರುಗಳ ಮಠಗಳಲ್ಲಿ ವಿದ್ಯಾದಾಸೋಹದ ಹುಂಡಿ ಇರಲಿ. ಹಣ ನೇರ ಕಾಲೇಜಿಗೆ ಹೋಗಲಿ, ರಸೀದಿ ಮಗುವಿನ ಕೈಗೆ ಬರಲಿ. ಜಾತಿ ಕೇಳುವುದು ಬೇಡ, ಫೋಟೋ ತೆಗೆಯುವುದೂ ಬೇಡ. ಕೊಟ್ಟೆನೆಂಬ ಅಹಂಕಾರ ಬಂದರೆ ಅದು ದಾನವಾದೀತು, ದಾಸೋಹವಾಗದು. ಮೂರು, ಪಡೆದ ಮಗು ದುಡಿಯತೊಡಗಿದ ಮೇಲೆ ಮತ್ತೊಂದು ಮಗುವಿನ ಫೀ ಕಟ್ಟಲಿ. ಕಾಯಕದಿಂದ ಬಂದದ್ದು ದಾಸೋಹಕ್ಕೆ ಮರಳುವ ದಾರಿ ಅದೇ.

ಈ ಸಲ ಜಾತ್ರೆಯ ಖರ್ಚು ಉಳಿದಿದೆ. ಹುಂಡಿಗೆ ಮೊದಲ ಹಣ ಅಲ್ಲಿಂದಲೇ ಬರಲಿ.